ದಮ್ಮಿಲ್ಲದ ಬಾಕ್ಸರ್

ಹಳೆಯ ಗೇಮ್ ಯಂತ್ರಕ್ಕೆ ಇಪ್ಪತ್ತೆರಡು ಸಾವಿರ, ಅದಕ್ಕೊಂದು ಟಿವಿಗೆ ಹನ್ನೆರಡು, ಬಾಕ್ಸಿಂಗ್ ಆಟದ ಡಿಸ್ಕಿಗೆ ಮೂರೂವರೆ. ತಾಸಿಗೆ ನಲವತ್ತು ರೂಪಾಯಿಯಂತೆ ಅಷ್ಟೂ ತಿರುಗಿ ಬರಬೇಕಾದರೆ ಯಾರಾದರೂ ಅದರ ಮುಂದೆ ಒಂಬೈನೂರ ಮೂವತ್ತೆಂಟು ತಾಸು ಕೂಡಬೇಕು. ಎರಡು ತಿಂಗಳಲ್ಲಿ ಕೂತದ್ದು ಅರವತ್ತೊಂದು ತಾಸು.

ಈ ಲೆಕ್ಕಕ್ಕೆ ಅಬ್ದುಲ ವಾಹೀದನಿಗೆ ಕಾಗದ ಬೇಕಿರಲಿಲ್ಲ. ಬೀದರಿನ ಮೈಲೂರಿನಲ್ಲಿ ಮೂವತ್ತು ವರ್ಷ ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಟ್ಟವನು ಅವನು. ಸೈಕಲ್ ಕೇಳುವವರು ಇಲ್ಲವಾದಾಗ ಅದೇ ಅಂಗಡಿಯಲ್ಲಿ ವಿಡಿಯೋ ಗೇಮ್ ಇಟ್ಟ. ಆಗ ಹುಡುಗರು ಕಾಲಿನಿಂದ ತುಳಿಯುತ್ತಿದ್ದರು, ಈಗ ಬೆರಳಿನಿಂದ ಒತ್ತುತ್ತಾರೆ. ಗೋಡೆಯ ಗಡಿಯಾರ ಮಾತ್ರ ಅದೇ.

ಮೊದಲನೇ ಟಿವಿಯ ಕ್ರಿಕೆಟ್ಟಿಗೆ ಸಾಲು ನಿಲ್ಲುತ್ತಿತ್ತು. ಎರಡನೆಯದರ ಬಾಕ್ಸಿಂಗಿನ ಮುಂದೆ ನೊಣವೂ ಕೂಡುತ್ತಿರಲಿಲ್ಲ. ಬೇಡ ಅಬ್ಬಾ ಎಂದು ಮಗಳು ಶೈಸ್ತಾ ಹೇಳಿದರೂ ಕೇಳದೆ ತಂದದ್ದು ಅದು. ಹುಮನಾಬಾದಿನ ಅಂಗಡಿಯವನೊಬ್ಬ ಎಲ್ಲ ಸೇರಿಸಿ ಹದಿನೆಂಟು ಸಾವಿರಕ್ಕೆ ಕೇಳಿದ್ದ. ವಾಹೀದ ಅವನಿಗೆ ತಿಂಗಳ ಗಡುವು ಹೇಳಿದ. ತಿಂಗಳ ಕಡೆಯ ರವಿವಾರ ಬಾಕ್ಸಿಂಗ್ ಪಂದ್ಯ ಇಡುವುದು, ಪ್ರವೇಶಕ್ಕೆ ಐವತ್ತು ರೂಪಾಯಿ. ಭಾಲ್ಕಿ, ಔರಾದದ ಹುಡುಗರು ಬಂದರೆ ಆಟ ಉಳಿಯಿತು, ಬರದಿದ್ದರೆ ಸೋಮವಾರ ಮಾರುವುದು.

ಭಾಲ್ಕಿಯ ಹುಡುಗರ ಮುಖಂಡ ಉತ್ತಮ. ತಂದೆಯ ಗೊಬ್ಬರದ ಅಂಗಡಿಯಲ್ಲಿ ಕೂಡುವವನು, ಬಾಕ್ಸಿಂಗಿನ ಹುಚ್ಚು ತಲೆಗೇರಿದವನು. ಬಂದು ಅರ್ಧ ತಾಸು ಆಡಿ ರಿಮೋಟ್ ಕೆಳಗಿಟ್ಟ.

“ಚಾಚಾ, ಇದು ಬಾಕ್ಸಿಂಗ್ ಅಲ್ರಿ, ಹೊಲಿಗಿ ಮಷಿನ್ ಅದ. ಹನ್ನೆರಡು ರೌಂಡ್ ಟಕಟಕ ಹೊಡೀತಾನ, ಒಂದು ಹನಿ ಬೆವರಿಲ್ಲ. ಕೈ ಸೋಲಂಗಿಲ್ಲ, ಕಾಲು ನಡುಗಂಗಿಲ್ಲ. ದುನಿಯಾದ ಹುಡುಗರೆಲ್ಲ ನೆಟ್ಟಿನ್ಯಾಗ ಇದನ್ನೇ ಬರೀಲಕತ್ತಾರ, ಖರೇ ಬಾಕ್ಸಿಂಗ್ ಕೊಡ್ರಿ ಅಂತ.”

“ಹಂಗಾದ್ರ ನಾವೂ ಬರಿಯೋಣಪಾ. ಅಳೋ ಕೂಸಿಗೇ ಹಾಲು.”

ಕಂಪನಿಗೆ ಪತ್ರ ಸಿದ್ಧವಾಯಿತು. ಉತ್ತಮ ಹೇಳಿದ, ಶೈಸ್ತಾ ಫೋನಿನಲ್ಲಿ ಕನ್ನಡದಲ್ಲಿ ಬರೆದಳು, ಕೆಳಗೆ ನಲವತ್ತೇಳು ಹುಡುಗರ ಹೆಸರು. ಒಂದು ಸಾಲು ವಾಹೀದನ ಸ್ವಂತದ್ದು: “ನಿಮ್ಮ ಬಾಕ್ಸರಿಗೆ ದಮ್ಮು ಅನ್ನೋದೇ ಇಲ್ಲ. ಇದ್ದರಲ್ಲವೇ ಖಾಲಿಯಾಗೋದು? ದಯಮಾಡಿ ದಮ್ಮು ಕೊಡಿ.” ಇಂಗ್ಲಿಷಿಗೆ ಫೋನೇ ತಿರುಗಿಸಿತು. ಪರೀಕ್ಷೆ ಅದ, ನಾಳೆ ಒಮ್ಮೆ ಓದಿ ಕಳಿಸ್ತೇನಿ ಎಂದು ಶೈಸ್ತಾ ಒಳಗೆ ಹೋದಳು. ನಾಳೆವರೆಗೆ ಯಾಕೆ ಎಂದು ವಾಹೀದ ತಾನೇ ಗುಂಡಿ ಒತ್ತಿಬಿಟ್ಟ.

ಒಂಬತ್ತು ದಿನಕ್ಕೆ ಉತ್ತರ ಬಂತು. ಓದಿದ ಶೈಸ್ತಾ ದುಪಟ್ಟಾ ಬಾಯಿಗೆ ಒತ್ತಿಕೊಂಡಳು.

“ಅಬ್ಬಾ, ನಿಮ್ಮ ದಮ್ಮನ್ನ ಫೋನು ಉಬ್ಬಸ ಮಾಡ್ಯದ. ‘ನಿಮ್ಮ ಬಾಕ್ಸರಿಗೆ ಉಬ್ಬಸ ಇಲ್ಲ, ದಯಮಾಡಿ ಉಬ್ಬಸ ಕೊಡಿ’ ಅಂತ ಹೋಗ್ಯದ.”

ಉಬ್ಬಸದ ರೋಗಿಗಳ ಮೇಲೆ ನಲವತ್ತೇಳು ಜನ ತೋರಿದ ಕಾಳಜಿಗೆ ಕಂಪನಿಯವರು ಬಹಳ ಸಂತೋಷಪಟ್ಟಿದ್ದರು. ಸಲಹೆಯನ್ನು ಮೇಲಿನವರಿಗೆ ಕಳಿಸಿದ್ದರಂತೆ.

ಸುದ್ದಿ ಭಾಲ್ಕಿ ಮುಟ್ಟಲು ಒಂದು ತಾಸು ಹಿಡಿಯಲಿಲ್ಲ. “ವಾಹೀದ ಚಾಚಾನ ಅಂಗಡಿಗಿ ಹೊಂಟೀರಿ? ಇನ್ಹೇಲರ್ ಇಟ್ಕೋರಪಾ!” ಎಂದು ಹುಡುಗರು ನಗಾಡಿದರು. ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಉತ್ತಮನ ಫೋನು ಬಂತು.

“ತಪ್ಪು ತಿಳೀಬ್ಯಾಡ್ರಿ ಚಾಚಾ. ಸುಳ್ಳು ಬಾಕ್ಸಿಂಗಿಗಿ ಐವತ್ತು ರೂಪಾಯಿ ಯಾಕ ಕೊಡಬೇಕು ಅಂತಾರ್ರಿ. ಯಾರೂ ಬರಂಗಿಲ್ಲ.”

ಅದೇ ಮಧ್ಯಾಹ್ನ ಮಚ್ಛೇಂದ್ರ ಮಾಸ್ತರು ಅಂಗಡಿಗೆ ಬಂದರು. ಔರಾದದ ಹೈಸ್ಕೂಲಿನಲ್ಲಿ ಪಿ.ಟಿ. ಕಲಿಸುವವರು, ಪ್ರಾಯದಲ್ಲಿ ಖರೇ ಬಾಕ್ಸಿಂಗ್ ಆಡಿ ಮೂಗು ಮುರಿಸಿಕೊಂಡವರು. ಓದುವ ದಿನಗಳಲ್ಲಿ ವಾಹೀದನ ಸೈಕಲ್ ತುಳಿದ ಪರಿಚಯ. ಪಂದ್ಯದಲ್ಲಿ ತೀರ್ಪು ಹೇಳುವ ಪಂಚ ಅವರೇ ಆಗಬೇಕಿತ್ತು. ಕಥೆ ಕೇಳಿ ಚಹದ ಕಪ್ಪು ಕೆಳಗಿಟ್ಟು ನಕ್ಕರು.

“ಫೋನಿಂದೇನೂ ತಪ್ಪಿಲ್ಲ, ವಾಹೀದಭಾಯಿ. ಮೂರನೇ ರೌಂಡಿನ್ಯಾಗ ಬಾಕ್ಸರಿಗಿ ಬರೋದು ಉಬ್ಬಸನೇ. ಯಾರು ಎಲ್ಲಿ ಹೊಡದ್ರು ನನಗ ನೆನಪಿಲ್ಲ, ಉಸಿರು ಸಿಗಲಾರದ್ದು ನೆನಪದ. ಆದ್ರ ಡಬ್ಬಿಯೊಳಗಿನ ಗೊಂಬಿಗಿ ಅದನ್ನ ಹ್ಯಾಂಗ ತರ್ತೀರಿ?”

ವಾಹೀದನ ಕಣ್ಣು ಮೂಲೆಗೆ ಹೋಯಿತು. ಸೈಕಲ್ಲುಗಳನ್ನೆಲ್ಲ ಗುಜರಿಗೆ ಹಾಕಿದ ದಿನ ಎರಡು ಕೈಪಂಪು, ಎರಡು ಚಕ್ರ ಮಾತ್ರ ಅಲ್ಲಿ ಉಳಿದಿದ್ದವು.

“ಗೊಂಬಿಗಿ ಯಾಕ ತರಬೇಕ್ರಿ ಮಾಸ್ತರ್? ಆಡೋನಿಗೇ ತಂದ್ರಾಯ್ತು.”

ಉತ್ತಮನಿಗೆ ಫೋನು ಹೋಯಿತು: ಒಮ್ಮೆ ಬಂದು ನೋಡು, ಬಸ್ಸಿನ ಖರ್ಚು ನನ್ನದು. ಬಂದವನ ಕೈಗೆ ಪಂಪು ಕೊಟ್ಟ. ಪ್ರತಿ ರೌಂಡಿಗೆ ಮೊದಲು ಗಾಳಿ ಬಿಟ್ಟ ಚಕ್ರಕ್ಕೆ ಅರವತ್ತು ಸಲ ಪಂಪು ಹೊಡೆಯಬೇಕು, ಹೊಡೆದ ಕೈಯಲ್ಲೇ ರಿಮೋಟ್ ಹಿಡಿಯಬೇಕು, ನಡುವೆ ವಿಶ್ರಾಂತಿ ಒಂದೇ ನಿಮಿಷ. ಮೊದಲ ರೌಂಡಿಗೆ ಉತ್ತಮ ನಗುತ್ತ ಹೊಡೆದ. ಎರಡನೆಯದಕ್ಕೆ ನಗು ನಿಂತಿತು. ಮೂರನೆಯದರಲ್ಲಿ ಹೆಬ್ಬೆರಳು ಮಾತು ಕೇಳದೆ ಅವನ ಬಾಕ್ಸರ್ ಗಾಳಿಗೆ ಗುದ್ದಿ, ಕಂಪ್ಯೂಟರಿನ ಒಂದೇ ಏಟಿಗೆ ಅಂಗಾತ ಬಿದ್ದ. ಉತ್ತಮನೂ ನೆಲದ ಮೇಲೆ ಕೂತ. ಮಾತು ಹೊರಡಲು ಹೊತ್ತು ಹಿಡಿಯಿತು.

“ಚಾಚಾ... ಇದು... ಬಾಕ್ಸಿಂಗ್ ನೋಡ್ರಿ!”

ಶೈಸ್ತಾ ಅದನ್ನು ಫೋನಿನಲ್ಲಿ ತೆಗೆದಿದ್ದಳು. ಈ ಸಲ ಅಪ್ಪನಿಗೆ ಮುಟ್ಟಗೊಡದೆ ಭಾಲ್ಕಿ, ಔರಾದದ ಹುಡುಗರಿಗೆ ತಾನೇ ಕಳಿಸಿದಳು.

ರವಿವಾರ ಮೂವತ್ತೆರಡು ಜನ ಬಂದರು. ಅಂಗಡಿ ಸಾಲದೆ ಪಂಪುಗಳನ್ನು ಹೊರಗೆ ಕಟ್ಟೆಯ ಮೇಲೆ ಇಟ್ಟರು. ಓಣಿಯ ಹೆಂಗಸರು ಮಾಳಿಗೆ ಮೇಲಿಂದ ಎಣಿಸಿದರು, ಐವತ್ತೆಂಟು, ಐವತ್ತೊಂಬತ್ತು, ಅರವತ್ತು! ಮಾಸ್ತರು ಹುಡುಗರ ತೋಳು ತಟ್ಟಿ, ನೀರು ಕುಡಿಸಿ, ಒಬ್ಬೊಬ್ಬರನ್ನೇ ಒಳಗೆ ತಳ್ಳಿದರು.

ಔರಾದದಿಂದ ಬಂದವರಲ್ಲಿ ಕೈಲಾಶ ಎಂಬವನಿದ್ದ. ಅಲ್ಲಿನ ಬಸ್ ಸ್ಟ್ಯಾಂಡ್ ಹತ್ತಿರ ಪಂಚರ್ ಅಂಗಡಿ ಇಟ್ಟವನು. ಈ ಆಟವನ್ನು ಮುಟ್ಟಿದ್ದು ಹಿಂದೆ ಮೂರೇ ಸಲ, ಯಾವ ಗುಂಡಿ ಯಾವ ಕೈ ಎಂದು ಪಕ್ಕದವನನ್ನು ಕೇಳಿ ಆಡುತ್ತಿದ್ದ. ಅರವತ್ತು ಹೊಡೆದು ಅವನು ತಿರುಗಿ ಕೇಳಿದ್ದು ಒಂದೇ ಮಾತು: “ಇನ್ನೊಂದು ಚಕ್ರ ಅದ ಏನ್ರಿ?”

ಫೈನಲಿನಲ್ಲಿ ಅವನಿಗೂ ಉತ್ತಮನಿಗೂ ಬಿತ್ತು. ಎರಡು ರೌಂಡ್ ಉತ್ತಮನವೇ. ಮೂರನೆಯದಕ್ಕೆ ಅವನ ಕೈ ಪುಟಾಣಿ ಹುರಿದಂತೆ ಕುಣಿಯತೊಡಗಿತು. ಕೈಲಾಶ ನಿಧಾನವಾಗಿ, ಟ್ಯೂಬಿಗೆ ತೇಪೆ ಒತ್ತಿದಷ್ಟೇ ಸಮಾಧಾನದಿಂದ, ಒಂದು ಗುಂಡಿ ಒತ್ತಿದ. ಉತ್ತಮನ ಬಾಕ್ಸರ್ ಬಿದ್ದವನು ಏಳಲಿಲ್ಲ.

“ಇದು ಮೋಸ!” ಎಂದು ಉತ್ತಮ ಎದ್ದ. “ಪಂಚರ್ ಅಂಗಡಿಯವ್ನ ಕೈಯಾಗ ಪಂಪ್ ಕೊಟ್ರ ಅದು ಹ್ಯಾಂಗ ಖರೇ ಆಟ ಆಗ್ತದರಿ?”

“ದಿನಾ ಬೆವರು ಸುರಿಸಿದವ ಗೆದ್ದಾನ,” ಎಂದರು ಮಾಸ್ತರು. “ಇದಕ್ಕಿಂತ ಖರೇ ಬಾಕ್ಸಿಂಗ್ ನನಗ ಗೊತ್ತಿಲ್ಲಪಾ.”

ಉತ್ತಮ ಕಟ್ಟೆಯ ಮೇಲಿನ ಪಂಪು ಎತ್ತಿಕೊಂಡ.

“ಚಾಚಾ, ಮುಂದಿನ ರವಿವಾರದ ತನಕ ಇದೊಂದು ನನಗ ಕೊಡ್ರಿ.”

“ಒಯ್ಯಿ. ದಿನಕ್ಕ ಹತ್ತು ರೂಪಾಯಿ ಬಾಡಿಗಿ.”

ಸೋಮವಾರ ವಾಹೀದ ಹುಮನಾಬಾದಿಗೆ ಫೋನು ಮಾಡಿ ಮಾರುವುದಿಲ್ಲವೆಂದು ಹೇಳಿದ. ಯಂತ್ರ ಉಳಿಯಿತು, ಟಿವಿ ಉಳಿಯಿತು, ಹಳೆಯ ಬಾಡಿಗೆ ದಂಧೆ ಒಂದು ಪಂಪಿನಷ್ಟು ತಿರುಗಿ ಬಂತು. ಪಂದ್ಯದಲ್ಲಿ ಸವೆದು ಹೋದದ್ದು ಇನ್ನೊಂದು ಪಂಪಿನ ಚರ್ಮದ ವಾಷರ್, ಇಪ್ಪತ್ತು ರೂಪಾಯಿ.