ಕೆಂಚ ಯಾರ ನಾಯಿ

ಕೆಂಚನನ್ನು ಮನೆಗೆ ತಂದವಳು ಸರ್ವಮಂಗಳ. ಹುಲಿಯೂರುದುರ್ಗದ ತಂಗಿಯ ಮನೆಯಿಂದ ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನ ಹೂವಿನಂಗಡಿಯ ಕೆಳಗೆ ಕುಂಯ್‌ಗುಡುತ್ತಿದ್ದ ಕೆಂಪು ಮರಿಯನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು, ಕಂಡಕ್ಟರಿಗೆ ಕಾಣದಂತೆ ಸೆರಗು ಹೊದಿಸಿ, ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ ತುಮಕೂರು ಮುಟ್ಟಿಸಿದ್ದಳು. ಬಾಟಲಿಯಲ್ಲಿ ಹಾಲು ಕುಡಿಸಿದವಳೂ ಅವಳೇ, ಉಣ್ಣಿ ಕಿತ್ತವಳೂ ಅವಳೇ. ಸದಾಶಿವನಗರದ ಆ ಬೀದಿಯಲ್ಲಿ ಕೆಂಚನನ್ನು ಎಲ್ಲರೂ ಸರ್ವಮಂಗಳಮ್ಮನ ನಾಯಿ ಎಂದೇ ಕರೆಯುತ್ತಿದ್ದರು.

ಎದುರಿನ ಟ್ರಾನ್ಸ್‌ಫಾರ್ಮರ್ ಸಿಡಿದ ದಿನದಿಂದ ಕೆಂಚ ಬದಲಾಗಿಬಿಟ್ಟ. ಗುಡುಗಿದರೆ ಸರಿ, ಪಟಾಕಿ ಹೊಡೆದರೆ ಸರಿ, ಕುಕ್ಕರ್ ಕೂಗಿದರೂ ಬಾಲ ಮುದುರಿಕೊಂಡು ಓಡುತ್ತಿದ್ದ. ಓಡುತ್ತಿದ್ದುದು ಸರ್ವಮಂಗಳಳ ಹತ್ತಿರವಲ್ಲ. ಸೊಸೆ ಸುಮನಾಳ ಮಂಚದ ಕೆಳಗೆ.

ಸುಮನಾ ಗುಬ್ಬಿಯ ಹುಡುಗಿ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. ಕೆಂಚನಿಗೆ ಒಂದು ತುತ್ತು ಅನ್ನ ಕಲಸಿ ಹಾಕಿದವಳಲ್ಲ. ಆದರೂ ಅವನು ಅಲ್ಲಿಗೇ ಏಕೆ ಹೋಗುತ್ತಾನೆ ಎಂದು ಸರ್ವಮಂಗಳ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಸುಮನಾ ಏನೂ ಮಾಡುತ್ತಿರಲಿಲ್ಲ. ಮಂಚದ ಪಕ್ಕ ನೆಲದ ಮೇಲೆ, ಬೇರೆಲ್ಲೋ ನೋಡುತ್ತ, ಸುಮ್ಮನೆ ಕೂತಿರುತ್ತಿದ್ದಳು. ತಾನಾಗಿದ್ದರೆ ಕೊರಳಪಟ್ಟಿ ಹಿಡಿದೆಳೆದು, ಎದೆಗವಚಿಕೊಂಡು, ಏನೂ ಆಗಲ್ಲ ಬಾರೋ ಎಂದು ಹತ್ತು ಸಲ ಹೇಳುತ್ತಿದ್ದೆ ಎನಿಸಿತು. ಅಷ್ಟೆಲ್ಲ ಮಾಡುವವಳನ್ನು ಬಿಟ್ಟು ಸುಮ್ಮನೆ ಕೂರುವವಳ ಹತ್ತಿರ ಹೋಗುತ್ತಾನಲ್ಲ ಎಂದು ಹೊಟ್ಟೆಯೊಳಗೆ ಕೆಂಡ ಬಿದ್ದಂತಾಯಿತು.

ಪಶುವೈದ್ಯರನ್ನು ಕೇಳಿಕೊಂಡು ಬಂದು ಸುಮನಾ ಒಂದು ಅಭ್ಯಾಸ ಶುರುಮಾಡಿದಳು. ಮೊಬೈಲಿನಲ್ಲಿ ಪಟಾಕಿಯ ಸದ್ದನ್ನು ಎಲ್ಲೋ ದೂರದ ಬೀದಿಯಲ್ಲಿ ಹೊಡೆದಂತೆ ಸಣ್ಣಗೆ ಹಾಕುವುದು, ಜೊತೆಗೇ ಒಂದು ಚೂರು ಪನೀರ್ ಕೊಡುವುದು. ಕಿವಿ ಹಿಂದಕ್ಕೆ ಹೋಯಿತೆಂದರೆ ನಿಲ್ಲಿಸುವುದು. ಮಾರನೆಯ ದಿನ ಸಾಧ್ಯವಾದರೆ ಕೂದಲೆಳೆಯಷ್ಟು ಜಾಸ್ತಿ ಮಾಡುವುದು. ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಕೆಂಚ ಆ ಸದ್ದು ಕೇಳಿದರೆ ಬಾಯಿ ಚಪ್ಪರಿಸತೊಡಗಿದ. ಸುಮನಾ ಬಂದ ಮೇಲೆ ಕೆಂಚ ಮನುಷ್ಯನಾದ ಎಂದು ಮಗ ಬಸವಪ್ರಭು ಊಟಕ್ಕೆ ಕೂತಾಗ ನಕ್ಕ. ಆ ಮಾತಿಗೆ ಸರ್ವಮಂಗಳ ಅರ್ಧಕ್ಕೇ ತಟ್ಟೆ ಎತ್ತಿಕೊಂಡು ಎದ್ದಳು. ನಾಯಿ ವಾಸಿಯಾಗುವುದು ಅವಳಿಗೂ ಬೇಕಿತ್ತು. ಸೊಸೆಯ ಕೈಯಿಂದ ವಾಸಿಯಾಗುವುದು ಬೇಕಿರಲಿಲ್ಲ.

ಸುಮನಾ ಕೆಲಸಕ್ಕೆ ಹೋದ ಮಧ್ಯಾಹ್ನಗಳಲ್ಲಿ ಸರ್ವಮಂಗಳ ತನ್ನ ಫೋನಿಗೆ “ಪಟಾಕಿ ಸದ್ದು” ಎಂದು ಬಾಯಲ್ಲೇ ಹೇಳಿ, ಸಿಕ್ಕಿದ್ದನ್ನು ಸಣ್ಣಗೆ ಹಾಕಿ, ಪನೀರ್ ಕೊಡತೊಡಗಿದಳು. ಕೆಂಚ ತಿಂದ. ಬಾಲವನ್ನೂ ಆಡಿಸಿದ. ಇಷ್ಟೇನಾ ಎನಿಸಿತು. ದೀಪಾವಳಿಯ ದಿನ ಎಲ್ಲರೆದುರು ಕೆಂಚ ತನ್ನ ಕಾಲ ಬಳಿ ಆರಾಮಾಗಿ ಮಲಗಿರಬೇಕು, ಬಸವಪ್ರಭು ನೋಡಬೇಕು ಎಂಬ ಆಸೆ ಹತ್ತಿಕೊಂಡಿತು. ಹೀಗೆ ಕೂದಲೆಳೆಯಷ್ಟು ಏರಿಸುತ್ತ ಕೂತರೆ ಸೊಸೆಯನ್ನು ಹಿಂದೆ ಹಾಕುವುದು ಯಾವಾಗ? ಒಂದು ಮಧ್ಯಾಹ್ನ ಸೌಂಡನ್ನು ಪೂರ್ತಿ ಏರಿಸಿಬಿಟ್ಟಳು.

ಕೆಂಚ ಹಾರಿ ಬಿದ್ದ. ತಟ್ಟೆ ಉರುಳಿತು. ನಡುಮನೆಯಿಂದ ಸುಮನಾಳ ಕೋಣೆಯವರೆಗೆ ಉಚ್ಚೆಯ ಗೆರೆ. ಸರ್ವಮಂಗಳ ನೆಲ ಒರೆಸಿ, ಊದಿನಕಡ್ಡಿ ಹಚ್ಚಿ, ಏನೂ ಆಗದವಳಂತೆ ಕೂತಳು.

ಸಂಜೆ ಸುಮನಾ ಫೋನು ಕೈಗೆತ್ತಿಕೊಂಡಳು. ಸದ್ದು ಹಾಕುವ ಮೊದಲೇ ಕೆಂಚ ಗೋಡೆಗೆ ಒತ್ತಿಕೊಂಡ. ಪನೀರನ್ನು ಮೂಸಲೂ ಇಲ್ಲ. ತಾನೇ ಆತುರಪಟ್ಟು ಕೆಡಿಸಿದೆನೇನೋ ಎಂದು ಸುಮನಾ ಅತ್ತಳು. ಅದನ್ನು ನೋಡಿದಾಗ ಸರ್ವಮಂಗಳಳಿಗೆ ಮೊದಲು ಆದದ್ದು ಸಮಾಧಾನ. ಈಗ ಅವನು ಅವಳ ಹತ್ತಿರವೂ ಹೋಗುತ್ತಿಲ್ಲವಲ್ಲ.

ಆ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಅಷ್ಟರಲ್ಲೇ ತಂಗಿಯ ಫೋನು ಬಂತು. ಸರ್ವಮಂಗಳ ಮೇಜಿನತ್ತ ಕೈಚಾಚಿದಳು. ಕೆಂಚ ಅವಳ ಕೈಯನ್ನು ನೋಡಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿಕೊಂಡು ಹಿಂದೆ ಹಿಂದೆ ಸರಿದ. ಹಾಲು ಕುಡಿಸಿದ ಕೈ ಅದು. ಅವಳು ಫೋನೆತ್ತಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋದಳು. ಸುಮನಾ ಕಾಫಿ ಸೋಸುತ್ತಿದ್ದಳು.

“ನಿನ್ನ ತಪ್ಪಲ್ಲ ಕಣೇ. ನಾನೇ ಮಧ್ಯಾಹ್ನ ಫುಲ್ ಸೌಂಡ್ ಇಟ್ಬಿಟ್ಟೆ.”

ಸುಮನಾ ಪಾತ್ರೆ ಕೆಳಗಿಟ್ಟಳು. “ಯಾಕತ್ತೆ?”

“ನಿನ್ ಹತ್ರಾನೇ ಓಡ್ತಾನಲ್ಲ. ಅದಕ್ಕೆ.”

ಸುಮನಾಳಿಗೆ ಕೋಪ ಬಂದಿತ್ತು, ಕಿವಿಯ ತುದಿ ಕೆಂಪಾಗಿತ್ತು. ಇನ್ನು ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕು, ಈ ದೀಪಾವಳಿಗಂತೂ ಆಗುವ ಮಾತಲ್ಲ ಎಂದಳು. ಆಮೇಲೆ ಸ್ಟವ್ ಕಡೆಗೆ ತಿರುಗಿಕೊಂಡೇ ಹೇಳಿದಳು: “ಹೆದರಿಕೆ ಆದಾಗ ಮಾತ್ರ ನಾನು ಬೇಕು ಅವನಿಗೆ. ಬೆಳಗ್ಗೆ ನೀವು ಬಾಗ್ಲು ತೆಗೆದ್ರೆ ಕುಣೀತಾನಲ್ಲ, ನನ್ನ ನೋಡಿ ಒಂದಿನಾನೂ ಹಂಗೆ ಕುಣಿದಿಲ್ಲ. ರೂಮಲ್ಲಿ ಮಲಗಿಕೊಂಡು ಕೇಳಿಸ್ಕೋತಾ ಇರ್ತೀನಿ.”

ಆ ಕುಣಿತವನ್ನು ಕಂಡು ಇನ್ನೊಬ್ಬರು ಕರುಬಬಹುದು ಎಂದು ಸರ್ವಮಂಗಳಳಿಗೆ ಯಾವತ್ತೂ ಹೊಳೆದಿರಲಿಲ್ಲ. ಲೋಟಗಳನ್ನು ತೊಳೆದಿಟ್ಟಳು.

ದೀಪಾವಳಿಯ ಸಂಜೆ ಇಬ್ಬರೂ ಸೇರಿ ಕೋಣೆಯ ಕಿಟಕಿಗೆ ರಗ್ಗು ಕಟ್ಟಿದರು, ಫ್ಯಾನನ್ನು ಜೋರಾಗಿ ಹಾಕಿದರು. ಬಸವಪ್ರಭು ನಡುಮನೆಯಲ್ಲಿ ಟೀವಿ ಹಚ್ಚಿಟ್ಟ. ಕೆಂಚ ಮಂಚದ ಕೆಳಗೆ ಸೇರಿಕೊಂಡ. ಎಳೆಯಬೇಡಿ, ದಿಟ್ಟಿಸಿ ನೋಡಬೇಡಿ, ಬಂದರೆ ಮಾತ್ರ ಮುಟ್ಟಿ ಎಂದು ಸುಮನಾ ಹೇಳಿಕೊಟ್ಟಳು. ಸರ್ವಮಂಗಳ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಹೊರಗೆ ಸರಪಟಾಕಿ ಶುರುವಾದಾಗ ಅವನು ನಡುಗುವುದು ನೆಲದ ಮೂಲಕ ತಿಳಿಯುತ್ತಿತ್ತು. ಅವನನ್ನು ಬಾಚಿ ಎತ್ತಿಕೊಳ್ಳದೆ ಕೂರುವುದಕ್ಕಿಂತ ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ.

ಸದ್ದು ಒಂದಿಷ್ಟು ಬಿಡುವು ಕೊಟ್ಟಾಗ ಮಂಚದ ಅಂಚಿನಿಂದ ಕಪ್ಪು ಮೂತಿ ಹೊರಬಂತು. ಸುಮನಾ ಒಂದು ಚೂರು ಪನೀರ್ ಚಾಚಿದಳು. ಕೆಂಚ ಅವಳ ಬೆರಳಿಂದ ಮೆಲ್ಲಗೆ ತೆಗೆದುಕೊಂಡ. ಸರ್ವಮಂಗಳಳಿಗೆ ಮತ್ತೆ ಅದೇ ಉರಿ ಎದೆಗೇರಿತು. ಪನೀರಿನ ಬಟ್ಟಲು ಅವಳ ಮಡಿಲಲ್ಲಿತ್ತು. ಅದನ್ನು ಸೊಸೆಯ ಕಡೆಗೆ ತಳ್ಳಿ, “ತಗೋ, ನೀನೇ ಕೊಡು” ಎಂದಳು. ಉರಿ ಹೋಗಿಯೇನೂ ಹಾಗೆ ಹೇಳಿದ್ದಲ್ಲ.

ಹಬ್ಬ ಮುಗಿದ ಮೇಲೆ ಪಾಠ ಮತ್ತೆ ಮೊದಲಿನಿಂದ ಶುರುವಾಯಿತು. ಮಧ್ಯಾಹ್ನದ ಸರದಿ ಸರ್ವಮಂಗಳಳದು. ಸೌಂಡು ಮಾತ್ರ ಸುಮನಾ ಹೇಳಿದಷ್ಟೇ. ಮುಂಗಾರಿನ ಹೊತ್ತಿಗೆ ಸಣ್ಣಪುಟ್ಟ ಸದ್ದಿಗೆಲ್ಲ ಕೆಂಚ ಕಿವಿಯಾಡಿಸಿ ಸುಮ್ಮನಾಗುವಷ್ಟಾದ. ಗುಡುಗಿದರೆ ಈಗಲೂ ಆ ಮಂಚದ ಕೆಳಗೇ ಹೋಗುತ್ತಾನೆ. ಅತ್ತೆ ಸೊಸೆ ಇಬ್ಬರೂ ಹೋಗಿ ಆಚೆಗೊಬ್ಬರು ಈಚೆಗೊಬ್ಬರು ಕೂರುತ್ತಾರೆ. ಅವನು ಯಾರ ಕಡೆಗೆ ತಲೆಯಿಟ್ಟು ಮಲಗಿದ್ದಾನೆ ಎಂದು ಬಗ್ಗಿ ನೋಡದೆ ಇರಲು ಸರ್ವಮಂಗಳಳಿಗೆ ಇನ್ನೂ ಆಗಿಲ್ಲ.