ಎಡಗೈಯ ವಾಚು

"ನಿಮ್ಮ ವಾಚ್ ಬಿಚ್ಚಿ ಈ ತಟ್ಟೇಲಿಡಿ ಸಾರ್," ಎಂದಳು ಅಂಗಡಿಯ ಹುಡುಗಿ ಭಾನುಪ್ರಿಯಾ.

ಭೀಮರಾಜು ಎಡಗೈಯ ವಾಚನ್ನು ಬಿಚ್ಚಿ ಮಖಮಲ್ಲಿನ ತಟ್ಟೆಯ ಮೂಲೆಯಲ್ಲಿಟ್ಟ. ತಟ್ಟೆಯಲ್ಲಿ ಆಗಲೇ ಮೂರು ಹೊಸ ವಾಚುಗಳು ಮಿರಮಿರ ಮಿಂಚುತ್ತಿದ್ದವು. ಅವುಗಳ ಪಕ್ಕ ಅವನದು ಮದುವೆ ಮನೆಗೆ ಹವಾಯಿ ಚಪ್ಪಲಿಯಲ್ಲಿ ಬಂದ ನೆಂಟನಂತೆ ಕಾಣುತ್ತಿತ್ತು. ಹಾಗಂತ ಅವನಿಗೆ ಅದರ ಮೇಲೆ ಪ್ರೀತಿಯೇನೂ ಕಡಿಮೆಯಿರಲಿಲ್ಲ. ಹತ್ತು ದಿನದ ಹಿಂದಷ್ಟೇ ತುಮಕೂರಿನ ರಿಪೇರಿಯವನೊಬ್ಬನಿಂದ ಸೆಕೆಂಡ್‌ಹ್ಯಾಂಡಿನಲ್ಲಿ ತಂದ ಆಟೋಮ್ಯಾಟಿಕ್ ಅದು. ಕೀ ಕೊಡಬೇಕಿಲ್ಲ, ಸೆಲ್ ಹಾಕಬೇಕಿಲ್ಲ. ಕಟ್ಟಿಕೊಂಡವನ ಕೈ ಆಡುತ್ತಿದ್ದರೆ ಸಾಕು, ತನ್ನ ಪಾಡಿಗೆ ತಾನು ಓಡುತ್ತದೆ. ತಂದ ದಿನದಿಂದ ಸ್ನಾನಕ್ಕೆ ಬಿಟ್ಟರೆ ಬೇರೆ ಯಾತಕ್ಕೂ ಅವನು ಅದನ್ನು ಬಿಚ್ಚಿರಲಿಲ್ಲ.

ತಿಪಟೂರಿನ ಚಿನ್ನದಂಗಡಿಯೊಂದರ ಮಹಡಿಯಲ್ಲಿ ಎರಡು ದಿನ ಸ್ವಿಸ್ ಸ್ಪೋರ್ಟ್ಸ್ ವಾಚುಗಳ ಪ್ರದರ್ಶನವಿತ್ತು. ಆಹ್ವಾನ ಬಂದದ್ದು ಭೀಮರಾಜು ಕೆಲಸ ಮಾಡುವ ಕೊಬ್ಬರಿ ಮಂಡಿಯ ಮಾಲೀಕ ರುದ್ರೇಶ್‌ಗೆ. "ನಂಗೆ ಫೋನಲ್ಲೇ ಟೈಮ್ ಕಾಣ್ತದೆ. ವಾಚಿನ ಹುಚ್ಚು ಇರೋನು ನೀನು, ನೀನೇ ಹೋಗಿ ಆಸೆ ತೀರಿಸ್ಕಂಡ್ ಬಾ," ಎಂದು ಆತ ಕಾರ್ಡನ್ನು ಭೀಮರಾಜುವಿಗೆ ಕೊಟ್ಟುಬಿಟ್ಟಿದ್ದ. ಅದು ಬಿಳಿಗೆರೆಯ ಗಲಾಟೆಗೆ ಮುಂಚಿನ ಮಾತು. ಈಗ ಕೊಡುತ್ತಿದ್ದನೋ ಇಲ್ಲವೋ. ಭೀಮರಾಜುವಿಗೂ ಬರುವ ಮನಸ್ಸಿರಲಿಲ್ಲ. ಹೆಂಡತಿ ಶಿಲ್ಪಳೇ, "ಮೂಲೆ ಹಿಡ್ಕಂಡು ಕೂತ್ರೆ ಹೋಗಿರೋ ಕಿವಿ ಬತ್ತದಾ? ಎದ್ದೋಗಿ ವಾಚ್ ನೋಡ್ಕಂಡ್ ಬಾ," ಎಂದು ಇಸ್ತ್ರಿ ಮಾಡಿದ ಶರಟು ಕೈಗಿಟ್ಟು ಹೊರಗೆ ದಬ್ಬಿದ್ದಳು.

ಭೀಮರಾಜುವಿನ ಅನ್ನ ಅವನ ಕಿವಿಯಲ್ಲಿತ್ತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ತೆಂಗಿನಕಾಯಿಯಲ್ಲಿ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಉಂಡೆಯಾಗಿ ಕಳಚಿಕೊಂಡರೆ ಅದು ಗಿಟುಕು. ಅಲ್ಲಾಡಿಸಿದರೆ ಒಳಗೆ ಗೊಟಗೊಟ ಅನ್ನುತ್ತದೆ. ಅನ್ನುವ ಮೊದಲೇ ಒಡೆದರೆ ಹಸಿ ಕೊಬ್ಬರಿ ಕರಟಕ್ಕೆ ಕಚ್ಚಿಕೊಂಡು ಚೂರುಚೂರಾಗುತ್ತದೆ. ಯಾವ ಅಟ್ಟದ ಕಾಯಿ ಗಿಟುಕಾಗಿದೆ, ಯಾವುದು ಆಗಿಲ್ಲ ಎಂದು ಊರೂರು ತಿರುಗಿ ಕಿವಿಗಿಟ್ಟು ಹೇಳುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಟ್ಟವೂ ತಪ್ಪಿರಲಿಲ್ಲ. ಕಳೆದ ವಾರ ಬಿಳಿಗೆರೆಯ ಹಾಲಮ್ಮನ ಅಟ್ಟ ಹತ್ತಿ, ಎಂದಿನಂತೆ ಎಡಗೈಯಲ್ಲಿ ಒಂದೊಂದೇ ಕಾಯಿ ಅಲ್ಲಾಡಿಸಿ, "ಎಲ್ಲಾ ಗಿಟುಕಾಗೈತೆ, ಒಡ್ಸಿ," ಎಂದ. ಐನೂರು ಕಾಯಿ ಒಡೆದರೆ ಮುಕ್ಕಾಲು ಪಾಲು ಹಸಿ! ಹಾಲಮ್ಮ ಬಾಯಿಗೆ ಬಂದಂತೆ ಬೈದಳು. ರುದ್ರೇಶ್ ಬೈಯಲಿಲ್ಲ. "ಭೀಮಣ್ಣ, ಸೋಮವಾರ ಕಿವಿ ಡಾಕ್ಟ್ರಿಗೆ ತೋರ್ಸು. ಅಲ್ಲೀಗಂಟ ಅಟ್ಟ ಹತ್ಬೇಡ," ಎಂದಷ್ಟೇ ಹೇಳಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಇದು ಡೈವರ್ಸ್ ವಾಚ್ ಸಾರ್. ಮುನ್ನೂರು ಮೀಟರ್ ನೀರಲ್ಲಿ ಇಳಿಸಿದ್ರೂ ಏನೂ ಆಗಲ್ಲ."

"ಮುನ್ನೂರು ಮೀಟ್ರು ಅಂದ್ರೆ ಸಾವಿರ ಅಡಿ. ನಮ್ ಬೋರ್‌ವೆಲ್‌ನಾಗೆ ಬುಟ್ರೆ ನೀರು ಸಿಗೋ ಮುಂಚೆ ತಳ ಸಿಕ್ತದೆ ಬುಡಮ್ಮ," ಎಂದ ಭೀಮರಾಜು.

ಭಾನುಪ್ರಿಯಾ ನಗು ತಡೆದುಕೊಂಡು ಕೊಂಡಿ ಹಾಕಿದಳು. ಸ್ಟೀಲಿನ ಪಟ್ಟಿ ಮೊದಲು ತಣ್ಣಗೆ ಕೊರೆಯಿತು. ನಾಲ್ಕು ಗಳಿಗೆಯಲ್ಲಿ ಮೈಕಾವು ಹೀರಿ ಕೈಗೆ ಒಗ್ಗಿತು. ಡಯಲಿನ ನೀಲಿ ಎಂಥದ್ದೆಂದರೆ, ಕಿಟಕಿಯತ್ತ ತಿರುಗಿಸಿದರೆ ತಿಳಿಯಾಗುತ್ತಿತ್ತು, ನೆರಳಿಗೆ ತಂದರೆ ಕಪ್ಪಿಗೆ ತಿರುಗುತ್ತಿತ್ತು. ಸುತ್ತಲಿನ ಬಳೆಯನ್ನು ಒಂದೊಂದೇ ಹಲ್ಲು ತಿರುಗಿಸುತ್ತ ಅವನು ವಾರದಿಂದ ಕಾಡುತ್ತಿದ್ದ ದುಃಖವನ್ನೇ ಮರೆತ. ಯೂಟ್ಯೂಬಿನಲ್ಲಿ ನೂರು ಸಲ ನೋಡಿದ್ದು ಇವತ್ತು ಕೈಮೇಲೇ ಇದೆ! ಬೆಲೆಯ ಚೀಟಿಯನ್ನು ಮಗುಚಿ ಇಟ್ಟಿದ್ದರು. ಅವನೂ ಅದನ್ನು ಕೇಳುವ ತಂಟೆಗೆ ಹೋಗಲಿಲ್ಲ.

"ಕಿವಿ ಹತ್ರ ಇಟ್ಕೊಂಡು ಕೇಳಿ ಸಾರ್, ಸೌಂಡ್ ಚೆನ್ನಾಗಿದೆ."

"ಬ್ಯಾಡ ಬುಡಮ್ಮ," ಎಂದ ಭೀಮರಾಜು ಥಟ್ಟನೆ. ಯಾವ ವಾಚು ಕೈಗೆ ಬಂದರೂ ಮೊದಲು ಕಿವಿಗೆ ಹಿಡಿಯುತ್ತಿದ್ದವನು ಅವನು. ಇವತ್ತು ಹಿಡಿದು, ಏನೂ ಕೇಳಿಸದೆ ಹೋದರೆ? ಡಾಕ್ಟರು ಸೋಮವಾರ ಹೇಳುವುದನ್ನು ಈ ವಾಚು ಈಗಲೇ ಹೇಳುವುದು ಅವನಿಗೆ ಬೇಕಿರಲಿಲ್ಲ.

ಎರಡನೆಯದು ಟೈಟಾನಿಯಂ. ಕಟ್ಟಿದ್ದೇ ಗೊತ್ತಾಗದಷ್ಟು ಹಗುರ. ತಾನು ಜೊಳ್ಳು ಕಾಯಿಗಳನ್ನು ಎತ್ತಿ ಪಕ್ಕಕ್ಕೆಸೆಯುವಾಗಿನ ಅನುಮಾನದಲ್ಲಿ ಅವನು ಅದನ್ನು ಮೇಲೆ ಕೆಳಗೆ ತೂಗಿದ. "ಇದ್ರೊಳಗೆ ತಿರುಳು ಐತೇನಮ್ಮ?" ಎಂದು ಕೇಳಿದ. ಭಾನುಪ್ರಿಯಾಳಿಗೆ ಈ ಸಲ ನಗು ತಡೆಯಲಾಗಲಿಲ್ಲ.

ಮೂರನೆಯದನ್ನು ಅವಳು ಬೇಕೆಂತಲೇ ಕೊನೆಗೆ ಇಟ್ಟುಕೊಂಡಿದ್ದಳು. ಬಿಳಿ ಡಯಲು, ಅದರೊಳಗೆ ಮೂರು ಪುಟ್ಟ ಡಯಲು, ಕಿತ್ತಳೆ ಬಣ್ಣದ ಸೆಕೆಂಡಿನ ಮುಳ್ಳು. ಗುಂಡಿ ಒತ್ತಿದರೆ ಆ ಮುಳ್ಳು ಹೊರಟಿತು, ಇನ್ನೊಮ್ಮೆ ಒತ್ತಿದರೆ ನಿಂತಿತು. ಹಿಂಬದಿಗೆ ಗಾಜು. ಗಾಜಿನೊಳಗೆ ಅರ್ಧಚಂದ್ರದಂಥ ತೂಕದ ತುಂಡೊಂದು ಕೈ ಆಡಿದಂತೆಲ್ಲ ಗಿರ್ರನೆ ಸುತ್ತುತ್ತಿತ್ತು. ಭೀಮರಾಜು ಚಿಕ್ಕ ಹುಡುಗನಂತೆ ಬಾಯಿ ಬಿಟ್ಟುಕೊಂಡು ನೋಡಿದ. ಕಟ್ಟಿಕೊಂಡ ಮೇಲೆ ಪಟ್ಟಿ ಸ್ವಲ್ಪ ಸಡಿಲವೆನ್ನಿಸಿತು. ಸರಿಯಾಗಿ ಕೂರಲಿ ಎಂದು ಎಡಗೈ ಮೇಲೆತ್ತಿ ಎರಡು ಸಲ ಕೊಡವಿದ.

ಗೊಟಗೊಟ.

ಅವನ ಕೈ ಅಲ್ಲೇ, ಕಿವಿಯ ಪಕ್ಕದಲ್ಲೇ ನಿಂತಿತು. ಕೇಳಿಸಿದ್ದಂತೂ ಕೇಳಿಸಿತ್ತು, ಸ್ಪಷ್ಟವಾಗಿಯೇ ಕೇಳಿಸಿತ್ತು. ಆದರೆ ಕೈಯಲ್ಲಿ ಕಾಯಿ ಎಲ್ಲಿತ್ತು? ಇನ್ನೊಂದು ಸಲ ಕೊಡವಿದ. ಮತ್ತೆ ಗೊಟಗೊಟ. ಗಾಜಿನೊಳಗಿನ ಅರ್ಧಚಂದ್ರ! ತಟಕ್ಕನೆ ತಟ್ಟೆಯ ಮೂಲೆಯಲ್ಲಿದ್ದ ತನ್ನ ವಾಚನ್ನು ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದ. ಅದರ ಅರ್ಧಚಂದ್ರ ಸವೆದುಹೋಗಿತ್ತೋ ಏನೋ, ಹೊಸದಕ್ಕಿಂತ ಜೋರಾಗಿ ಸದ್ದು ಮಾಡಿತು. ಪೂರ್ತಿ ಒಣಗಿದ ಉಂಡೆ ಕೊಬ್ಬರಿಯೂ ಅಷ್ಟು ಚೆನ್ನಾಗಿ ಗೊಟಗೊಟ ಅನ್ನುವುದಿಲ್ಲ.

ಭೀಮರಾಜು ಹೋ ಎಂದು ನಕ್ಕ. ಮೇಜು ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಕೆಳಗಿನಿಂದ ಸೆಕ್ಯೂರಿಟಿಯವನು ಮೆಟ್ಟಿಲು ಹತ್ತಿ ಇಣುಕಿದ.

"ಏನಾಯ್ತಣ್ಣಾ?" ಗಾಬರಿಯಲ್ಲಿ ಭಾನುಪ್ರಿಯಾಳ ಅಂಗಡಿಯ ಮಾತು ಹೋಗಿ ಅವಳ ಊರು ದಬ್ಬೇಘಟ್ಟದ ಮಾತು ಬಂತು.

"ನನ್ ಕಿವಿ ಸರಿಯಾಗೈತೆ ಕಣವ್ವಾ! ನಾನು ಎಡಚ. ಎಡಗೈನಾಗೇ ಕಾಯಿ ಆಡ್ಸೋದು, ವಾಚೂ ಎಡಗೈಗೇ ಕಟ್ಟಿದ್ದೆ. ಅವತ್ತು ಗೊಟಗೊಟ ಅಂದಿದ್ದು ಕಾಯಲ್ಲ, ಈ ಮುಂಡೇದು!"

ಅವಳ ಮನೆಯಲ್ಲೂ ಅಟ್ಟದ ತುಂಬ ಕಾಯಿತ್ತು, ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವಳೂ ತಟ್ಟೆಯ ವಾಚೊಂದನ್ನು ಎತ್ತಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿದಳು. "ಅಯ್ಯೋ, ಹೌದಲ್ಲಣ್ಣಾ! ನಮ್ಮಪ್ಪನ್ನೂ ಇದು ಏಮಾರ್ಸ್ತದೆ!" ಎಂದಳು. ಭೀಮರಾಜು ಇನ್ನೊಂದು ಸಲ ಮೂರೂ ವಾಚುಗಳನ್ನು ಸರದಿಯ ಮೇಲೆ ಕಟ್ಟಿಕೊಂಡ. ಈ ಸಲ ಮೂರನ್ನೂ ಕಿವಿಗೆ ಹಿಡಿದ. ಟಿಕಟಿಕವಲ್ಲ ಅದು, ಹಸಿದ ಇಲಿ ಅವಸರದಲ್ಲಿ ಕಾಳು ಕಡಿದಂಥ ಸಣ್ಣ, ಬಿಡುವಿಲ್ಲದ ಸದ್ದು. ಸಾಕೆನ್ನುವಷ್ಟು ಹೊತ್ತು ಕೇಳಿದ.

ಮಾರನೆಯ ಬೆಳಿಗ್ಗೆ ಅವನು ರುದ್ರೇಶನನ್ನು ಕರೆದುಕೊಂಡೇ ಬಿಳಿಗೆರೆಗೆ ಹೋದ. ಹಾಲಮ್ಮನ ಅಟ್ಟದಲ್ಲಿ ಒಡೆಯದ ಕಾಯಿ ಇನ್ನೂ ಅರ್ಧ ಉಳಿದಿತ್ತು. ಹಾಲಮ್ಮ ಸೊಂಟದ ಮೇಲೆ ಕೈಯಿಟ್ಟು ಕಥೆಯನ್ನೆಲ್ಲ ಕೇಳಿದಳು. ಅವಳು ಒಂದು ಚೂರೂ ನಂಬಲಿಲ್ಲ.

"ನಾಚ್ಕೆ ಮುಚ್ಕಳಕ್ಕೆ ವಾಚಿನ ಮ್ಯಾಲೆ ಹಾಕ್ತಾವ್ನೆ. ತಗೀ ಇತ್ಲಾಗೆ ಅದ್ನ. ಬರಿಗೈನಾಗೆ ಹತ್ತು. ಮೂರು ಕಾಯಿ ಹೇಳು. ಒಂದು ತಪ್ಪಿದ್ರೂ ಏಣಿ ತಗೀತೀನಿ, ಅಲ್ಲೇ ಕೂತಿರು."

ಭೀಮರಾಜು ವಾಚು ಬಿಚ್ಚಿ ಅವಳ ಕೈಗೆ ಕೊಟ್ಟು ಏಣಿ ಹತ್ತಿದ. ಅಂಗಡಿಯಲ್ಲಿ ನಗುವುದು ಸುಲಭ, ಇಲ್ಲಿ ತಪ್ಪಿದರೆ ಇಪ್ಪತ್ತೆರಡು ವರ್ಷದ ಹೆಸರು ಇವತ್ತಿಗೆ ಮುಗಿಯಿತು. ಮೊದಲ ಕಾಯಿಯನ್ನು ಎಡಗೈಯಲ್ಲಿ ಎತ್ತಿ ಅಲ್ಲಾಡಿಸಿ ಕಣ್ಣು ಮುಚ್ಚಿದ. "ಆಗಿಲ್ಲ," ಎಂದು ಕೆಳಗೆ ಹಾಕಿದ. ಎರಡನೆಯದೂ ಆಗಿರಲಿಲ್ಲ. ಮೂರನೆಯದರೊಳಗೆ ಸದ್ದು ಸಣ್ಣಗಿತ್ತು, ವಾಚಿನ ಸದ್ದಿನಷ್ಟು ಜಂಬದ್ದಲ್ಲ. "ಗಿಟುಕು," ಎಂದ.

ರುದ್ರೇಶ್ ಸುಲಿದುಕೊಟ್ಟ, ಹಾಲಮ್ಮ ಮಚ್ಚಿನಿಂದ ಒಡೆದಳು. ಎರಡು ಹಸಿ. ಮೂರನೆಯದರ ಕರಟ ಬಾಯಿ ಬಿಡುತ್ತಿದ್ದಂತೆ ಕೊಬ್ಬರಿ ಇಡೀ ಉಂಡೆಯಾಗಿ ಉರುಳಿ ಬಂದು ಅವಳ ಕಾಲ ಬಳಿ ನಿಂತಿತು. ರುದ್ರೇಶ್ ಅದನ್ನು ಎತ್ತಿ ಒರೆಸಿ ನೋಡಿದ. "ಸೋಮವಾರ ಡಾಕ್ಟ್ರತ್ರ ಹೋಗ್ಬೇಡ ಭೀಮಣ್ಣ, ಕಿಬ್ಬನಹಳ್ಳೀಲಿ ಎರಡು ಅಟ್ಟ ಅವೆ," ಎಂದ.

ಭೀಮರಾಜು ಅಟ್ಟದ ಮೇಲೆ ಕೂತಲ್ಲಿಂದಲೇ ಮುಂದಿನ ಕಾಯಿಗೆ ಕೈ ಹಾಕಿದ.

ಕೆಳಗೆ ಹಾಲಮ್ಮ ಮಚ್ಚನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕೈಯೊರೆಸಿಕೊಂಡು, ವಾಚನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದಳು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಅಲ್ಲಾಡಿಸಿದಳು. ಆಮೇಲೆ ತಲೆಯೆತ್ತಿ ಅಟ್ಟದ ಕಡೆ ಕೂಗಿದಳು.

"ಲೇ ಭೀಮಾ, ಇದು ಚೆನ್ನಾಗ್ ಗಿಟುಕಾಗೈತೆ ಕಣ್ಲಾ. ಒಡೀಲಾ?"

ಅಟ್ಟದ ಮೇಲಿನ ನಗುವಿಗೆ ಧೂಳು ಉದುರಿತು. ಹಾಲಮ್ಮ ವಾಚನ್ನು ಬಾಗಿಲ ಪಕ್ಕದ ಮೊಳೆಗೆ ಜೋಪಾನವಾಗಿ ತೂಗುಹಾಕಿ, ಕೆಳಗೆ ಬೀಳುವ ಕಾಯಿಗಳಿಗಾಗಿ ಗೋಣಿತಾಟು ಹಾಸಿದಳು.