ಅಕೆಲೊ ಹೆಸರಿನ ತಟ್ಟೆಗಳು

ದೊಡ್ಡ ಕೆರೆಯ ದಂಡೆಯ ಊರು ಕಿಸುಮುವಿನಲ್ಲಿ ಹಳೆಯ ಗ್ರಾಮಫೋನ್ ಹಾಡಿನ ತಟ್ಟೆಗಳ ಮಾತು ಬಂದರೆ ಒಗ್ವೆನೊನನ್ನು ಕೇಳದೆ ಮುಂದೆ ಹೋಗುವಂತಿರಲಿಲ್ಲ. ಆರುನೂರು ತಟ್ಟೆ ಕೂಡಿಸಿದ್ದ. ಗಿಟಾರು ಯಾರದು, ಯಾವ ವರ್ಷದ್ದು, ಯಾರ ಮದುವೆಗೆ ಕಟ್ಟಿದ ಹಾಡು, ಎಲ್ಲವೂ ನಾಲಿಗೆಯ ತುದಿಯಲ್ಲಿ. ಆದರೆ ಒಂದು ಹಾಡಿನ ತಟ್ಟೆಯನ್ನು ಮಾತ್ರ ಎಲ್ಲಿ ಕಂಡರೂ ಕೊಂಡು, ಕೇಳದೆ, ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಿದ್ದ. ಅಂಥವು ಇಪ್ಪತ್ತೊಂಬತ್ತಾಗಿದ್ದವು. ಹಾಡು, 'ಅಕೆಲೊ, ಗಂಜಿ ಉಕ್ಕುತ್ತಿದೆ'. ಅಕೆಲೊ ಅವನ ತಾಯಿ.

ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಅವಳು ಗಂಡನ ಮನೆ ಬಿಟ್ಟು ಹೋದಳು. ಮಕ್ಕಳು ಅಪ್ಪನ ಮನೆಯವರು, ಹಾಗಾಗಿ ಇವನು ಅಲ್ಲೇ ಉಳಿದ. ಆರು ತಿಂಗಳಲ್ಲಿ ಹಾಡು ಬಂತು. ಒಲೆಯ ಮೇಲೆ ಗಂಜಿ ಬಿಟ್ಟು, ಬಾಗಿಲಲ್ಲಿ ಮಗನನ್ನು ಬಿಟ್ಟು ಎಲ್ಲಿಗೆ ಹೊರಟೆ ಅಕೆಲೊ ಎಂದು ಗಾಯಕ ಕೇಳುತ್ತಿದ್ದ. ಶಾಲೆಯ ಹುಡುಗರು ಅದನ್ನೇ ಹಾಡುತ್ತ ಇವನ ಬೆನ್ನು ಹತ್ತುತ್ತಿದ್ದರು. ಊರಿನಲ್ಲಿ ಆ ತಟ್ಟೆ ಒಂದೂ ಉಳಿಯಬಾರದು ಎಂಬ ಹಟ ಆಗಲೇ ಹುಟ್ಟಿತ್ತು.

ಆ ಕಾಲದ ಚಿಕ್ಕ ತಟ್ಟೆಯ ಒಂದು ಮಗ್ಗುಲಿಗೆ ಹಾಡು ಮುಗಿಯುತ್ತಿರಲಿಲ್ಲ. ಅರ್ಧ ಹಾಡಿ ನಿಲ್ಲಿಸುತ್ತಿದ್ದರು, ಉಳಿದರ್ಧ ಹಿಂಬದಿಯಲ್ಲಿ. ಇದು ಒಗ್ವೆನೊನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಈ ಒಂದು ತಟ್ಟೆಯನ್ನು ಅವನು ತಿರುವಿ ಹಾಕಿರಲಿಲ್ಲ. ಮುಂಬದಿಯಲ್ಲಿ ಕಳೆದ ಮಾನ ಸಾಲದೇ ಎಂದುಕೊಂಡಿದ್ದ. ಎಲ್ಲಾದರೂ ಹಾಡು ಶುರುವಾದರೆ ಎದ್ದು ನಡೆದುಬಿಡುತ್ತಿದ್ದ.

ನಾಲ್ಕು ವರ್ಷದ ಕೆಳಗೆ ಅವನ ಹೆಂಡತಿಯೇ ಹೋಗಿ, ಮುದುಕಿಯಾಗಿದ್ದ ಅಕೆಲೊಳನ್ನು ಮನೆಗೆ ಕರೆತಂದಳು. ಒಗ್ವೆನೊ ಅನ್ನ, ಔಷಧಿಗೆ ಕಡಿಮೆ ಮಾಡಲಿಲ್ಲ. ಮಾತು ಮಾತ್ರ ಅಳೆದು ಆಡಿದ. ಅಮ್ಮಾ ಎಂದು ಒಮ್ಮೆಯೂ ಕರೆಯಲಿಲ್ಲ.

ಒಂದು ಭಾನುವಾರ ಕಿಬುಯೆ ಸಂತೆಯಲ್ಲಿ ತಟ್ಟೆ ಮಾರುವ ಒದೆರೊ ಹಲ್ಲು ಕಿರಿದ. ಅಕೆಲೊ ಇವನ ತಾಯಿಯೆಂದು ಅವನಿಗೆ ಗೊತ್ತಿರಲಿಲ್ಲ.

"ಬಂದ ನೋಡು ಅಕೆಲೊ ಗಂಡ. ಇನ್ನೊಂದು ಸಿಕ್ಕಿದೆ ಅಣ್ಣಾ. ಇಷ್ಟೊಂದು ಒಯ್ದು ಏನ್ಮಾಡ್ತೀಯ, ಉಪ್ಪಿನಕಾಯಿ ಹಾಕ್ತೀಯಾ?"

"ಸುತ್ತಿ ಕೊಡು. ಹಾಕಿ ಕೇಳಿಸ್ಬೇಡ."

"ಗೀರು ಬಿದ್ದಿದ್ರೆ ಆಮೇಲೆ ನನ್ನ ಬೈಯೋದು ನೀನೇ. ಇರು, ಜನ ಕುಣೀತಿದ್ದ ಮಗ್ಗುಲೇ ಹಾಕ್ತೀನಿ."

ತಟ್ಟೆ ಹಿಂಬದಿಯಾಗಿ ಕೂತಿತು. ಗಿಟಾರು ಓಡತೊಡಗಿತು. ಹೊರಡಲೆಂದು ತಿರುಗಿದ ಒಗ್ವೆನೊ ಮಾತು ಕೇಳಿ ನಿಂತ. ಆ ಹಳೆಯ ಗಾಯಕನೇ, ಆದರೆ ಈಗ ಅವನು ಕೇಳುತ್ತಿದ್ದದ್ದು ಅಕೆಲೊಳನ್ನಲ್ಲ. ಅವಳ ಕೈ ಮುರಿದವನು ಯಾರು, ಹಿರಿಯರೇ ಹೇಳಿ. ಮಗನನ್ನು ಕೊಡಿ ಎಂದು ಮೂರು ಸಲ ಬಂದವಳ ಮೇಲೆ ನಾಯಿ ಬಿಟ್ಟವನು ಯಾರು. ಕೊನೆಗೆ ಒಗ್ವೆನೊನ ಅಪ್ಪನ ಹೆಸರು ಬಂತು, ಅಜ್ಜನ ಹೆಸರೂ ಬಂತು.

ಒಗ್ವೆನೊ ತಟ್ಟೆಯ ರಾಶಿಯ ಪಕ್ಕದಲ್ಲೇ ಕೂತುಬಿಟ್ಟ. ಅಪ್ಪನನ್ನು ಮಣ್ಣು ಮಾಡುವಾಗ ತಾನು ಎಷ್ಟು ಅತ್ತಿದ್ದೆ ಎಂದು ನೆನೆದು ಮೈಯೆಲ್ಲ ಉರಿಯಿತು.

ಮನೆಗೆ ಬಂದಾಗ ಮುದುಕಿ ಅಂಗಳದಲ್ಲಿ ಕೂತು ಕೆರೆಯ ಸಣ್ಣ ಮೀನಿನಿಂದ ಮರಳು, ಕಡ್ಡಿ ಆರಿಸುತ್ತಿದ್ದಳು. ಎಡಗೈ ಮೊಣಕೈಯಲ್ಲಿ ನೆಟ್ಟಗಾಗುತ್ತಿರಲಿಲ್ಲ. ಮುಪ್ಪಿಗೆ ಹಾಗಾಗಿದೆ ಎಂದುಕೊಂಡೇ ಅವನು ನಾಲ್ಕು ವರ್ಷ ಅದನ್ನು ನೋಡಿದ್ದ.

"ಅಮ್ಮಾ," ಎಂದ. "ಆ ಹಾಡಿನ ಹಿಂಬದಿ ಇವತ್ತು ಕೇಳಿದೆ."

ಅವಳು ತಲೆಯೆತ್ತಿದಳು. "ಇವತ್ತಾ?"

"ಇವತ್ತೇ. ನೀನ್ಯಾಕೆ ಹೇಳ್ಲಿಲ್ಲ?"

"ಹಾಡಿದೋನು ನಮ್ಮ ತವರಿನೋನು. ನಾನೇ ಅವನ ಹತ್ರ ಹೋಗಿ, ನಡೆದದ್ದೆಲ್ಲಾ ಹೇಳಿ, ಇದನ್ನ ಹಾಡಪ್ಪಾ, ನನ್ನ ಮಗ ದೊಡ್ಡೋನಾದ್ಮೇಲೆ ಕೇಳ್ತಾನೆ ಅಂದಿದ್ದೆ." ಅವಳ ಕೈ ಮೀನಿನ ಮೇಲೆ ನಿಂತಿತ್ತು. "ಇಲ್ಲಿಗೆ ಬಂದ ಮೊದಲನೇ ವಾರವೇ ನಿನ್ನ ಹೆಂಡ್ತಿ ಬೀಗದ ಕೈ ಹುಡುಕಿ ಆ ಪೆಟ್ಟಿಗೆ ತೆಗೆದು ತೋರಿಸಿದ್ಳು ಮಗಾ. ಅಷ್ಟೊಂದು ಕೂಡಿಟ್ಟೋನು ಕೇಳದೇ ಇರ್ತಾನಾ? ಎಲ್ಲಾ ಕೇಳಿದ್ಮೇಲೂ ಇವನಿಗೆ ನಾನು ಬೇಡ ಅಂದ್ಕೊಂಡೆ. ಅದಕ್ಕೇ ಸುಮ್ನಿದ್ದೆ."